ಅಣ್ಣತಮ್ಮಂದಿರ ಬದುವಿನ ಜಗಳ: ಇದು ಯಾವ ಬಗೆಯ ವ್ಯಾಜ್ಯ, ಎಲ್ಲಿಂದ ಬಿಡಿಸಬೇಕು?

ತೋಟದ ದಾರಿ:

ಎಲ್ಲರಿಗೂ ನಮಸ್ಕಾರ. ತಿಪಟೂರು ಕಡೆಯಲ್ಲಿರುವ ನನ್ನ ಸೋದರಮಾವಂದಿರಿಬ್ಬರು ಒಂದೂವರೆ ವರ್ಷದಿಂದ ಮಾತು ಬಿಟ್ಟಿದ್ದಾರೆ. ಹೋದ ತಿಂಗಳು ಇಬ್ಬರೂ ಬೇರೆ ಬೇರೆಯಾಗಿ ನನಗೆ ಫೋನ್ ಮಾಡಿ, "ನೀನು ಓದಿದವನು, ಬಂದು ಒಂದು ತೀರ್ಮಾನ ಮಾಡಿಕೊಡು" ಎಂದು ಕೇಳಿದರು. ಬೆಂಗಳೂರಿನಲ್ಲಿ ಕಚೇರಿಯ ಕೆಲಸ ಮಾಡಿಕೊಂಡಿರುವ ನನಗೆ ಇಂಥ ಪಂಚಾಯ್ತಿಯ ಅನುಭವವಿಲ್ಲ.

ವಿಷಯ ಹೀಗಿದೆ. ಒಂದೇ ಸರ್ವೆ ನಂಬರಿನ 4 ಎಕರೆ 12 ಗುಂಟೆ ತೆಂಗಿನ ತೋಟ. 1988ರಲ್ಲಿ, ತಾತ ಬದುಕಿದ್ದಾಗಲೇ, ಊರ ಹಿರಿಯರ ಮುಂದೆ ಬಾಯಿಮಾತಿನಲ್ಲಿ ಪಾಲಾಯಿತು. ರಸ್ತೆಯ ಕಡೆಯ ಅರ್ಧ ದೊಡ್ಡಮಾವನಿಗೆ, ಹಳ್ಳದ ಕಡೆಯ ಅರ್ಧ ಚಿಕ್ಕಮಾವನಿಗೆ. ತಾತ 1999ರಲ್ಲಿ ತೀರಿಕೊಂಡರು. ಪಹಣಿ ಇಂದಿಗೂ ಜಂಟಿಯಲ್ಲಿದೆ. ಕೊಳವೆ ಬಾವಿ ದೊಡ್ಡಮಾವನ ಭಾಗದಲ್ಲಿದ್ದು, 2006ರಲ್ಲಿ ಇಬ್ಬರೂ ಹಣ ಹಾಕಿ ಕೊರೆಸಿದ್ದರೂ ವಿದ್ಯುತ್ ಸಂಪರ್ಕದ ಆರ್‌ಆರ್ ನಂಬರ್ ದೊಡ್ಡಮಾವನ ಹೆಸರಿನಲ್ಲಿದೆ. ಚಿಕ್ಕಮಾವನ ತೋಟಕ್ಕೆ ಗಾಡಿ ಹೋಗಬೇಕಾದರೆ ದೊಡ್ಡಮಾವನ ತೋಟದ ಒಳಗೇ ಹೋಗಬೇಕು. ಎಂಬತ್ತನಾಲ್ಕು ವರ್ಷದ ಅಜ್ಜಿ ಚಿಕ್ಕಮಾವನ ಮನೆಯಲ್ಲಿದ್ದಾರೆ.

ಒಂದೂವರೆ ವರ್ಷದ ಹಿಂದೆ ದೊಡ್ಡಮಾವನ ಮಗಳ ಮದುವೆಯಾಯಿತು. ಲಗ್ನಪತ್ರಿಕೆಯಲ್ಲಿ ಚಿಕ್ಕಮಾವನ ಹೆಸರು ಇರಲಿಲ್ಲ. ಅವರು ಮದುವೆಗೆ ಬಂದರು, ಊಟ ಮಾಡದೆ ಹೋದರು. ಅದಾದ ಮೂರನೆಯ ತಿಂಗಳಲ್ಲಿ ಅವರು ಟೇಪು ಹಿಡಿದು ತಮ್ಮ ಭಾಗವನ್ನು ಅಳೆದಾಗ 8 ಗುಂಟೆ ಕಡಿಮೆ ಬಂದಿತು. "ಅಣ್ಣ ಬದು ಒತ್ತಿದ್ದಾನೆ" ಎಂದು ಊರಿಗೆಲ್ಲ ಹೇಳಿದರು. ದೊಡ್ಡಮಾವ ಬದುವಿನ ಮೇಲೆ ಕಲ್ಲುಕಂಬ ನೆಟ್ಟು ತಂತಿಬೇಲಿ ಎಳೆಸಿದರು. ನೀರು ದಿನಬಿಟ್ಟು ದಿನ ಬರುತ್ತಿದ್ದದ್ದು ಈಗ ಅವರ ಮನಸ್ಸು ಬಂದಾಗ ಮಾತ್ರ ಬರುತ್ತದೆ.

ಎರಡು ವಾರದ ಹಿಂದೆ ಇಬ್ಬರನ್ನೂ ಒಂದೇ ಜಗಲಿಯ ಮೇಲೆ ಕೂರಿಸಿದೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ 1988ರಲ್ಲಿ ಕಂಚಿನ ಹಂಡೆ ಯಾರ ಪಾಲಿಗೆ ಹೋಯಿತು ಎಂಬಲ್ಲಿಗೆ ಮಾತು ತಲುಪಿತು, ಅಜ್ಜಿ ಅಳತೊಡಗಿದರು, ಸಭೆ ಅಲ್ಲಿಗೇ ಮುಗಿಯಿತು. 8 ಗುಂಟೆಯ ಪ್ರಶ್ನೆ ಬಗೆಹರಿದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎಂದು ನನಗನ್ನಿಸುತ್ತದೆ. ತಿಳಿದವರು ದಾರಿ ತೋರಿಸಬೇಕು.

ಸರಪಳಿ:

ಮೂವತ್ತು ವರ್ಷ ಭೂಮಾಪನ ಇಲಾಖೆಯಲ್ಲಿ ಸರಪಳಿ ಎಳೆದು ನಿವೃತ್ತನಾದವನು ನಾನು. ಮೊದಲು ಲೆಕ್ಕ ನೋಡೋಣ. 33 ಅಡಿ ಉದ್ದ, 33 ಅಡಿ ಅಗಲವಿದ್ದರೆ ಒಂದು ಗುಂಟೆ, ಅಂದರೆ 1,089 ಚದರಡಿ. ನೀವು ಹೇಳುವ 8 ಗುಂಟೆಯೆಂದರೆ 8,712 ಚದರಡಿ. ಮೂವತ್ತು ಅಡಿ ಅಂತರದಲ್ಲಿ ನೆಟ್ಟ ತೋಟವಾದರೆ ಒಂಬತ್ತು ಹತ್ತು ತೆಂಗಿನ ಮರಗಳು ನಿಲ್ಲುವಷ್ಟು ಜಾಗ. ಅಷ್ಟು ಮರಗಳನ್ನು ಯಾರೂ ಒಂದು ರಾತ್ರಿಯಲ್ಲಿ ಒಳಗೆ ಹಾಕಿಕೊಳ್ಳಲಾರರು. ಹಳೆಯ ಮರಗಳು ಅರವತ್ತು ವರ್ಷ ನಿಂತಲ್ಲೇ ನಿಂತಿರುತ್ತವೆ. ಬದುವಿನ ಆಚೆಈಚೆಯ ಮರಗಳ ಕಾಯಿಯನ್ನು 1988ರಿಂದ ಯಾರು ಇಳಿಸುತ್ತಿದ್ದರೆಂದು ಕಾಯಿ ಕೀಳುವವರನ್ನು ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಎರಡನೆಯದು ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ. ಹಳ್ಳದ ಕಡೆಯ ಜಮೀನೆಂದು ಬರೆದಿದ್ದೀರಿ. ಪಹಣಿಯಲ್ಲಿ ಒಟ್ಟು ವಿಸ್ತೀರ್ಣದ ಪಕ್ಕದಲ್ಲೇ ಖರಾಬಿನ ಅಂಕಣವಿರುತ್ತದೆ, ಸರ್ವೆ ನಂಬರುಗಳ ವಿಸ್ತೀರ್ಣ, ಕಂದಾಯಗಳ ದಾಖಲೆಯಾದ ಆಕಾರಬಂದಿನಲ್ಲಿಯೂ ಅದು ನಮೂದಾಗಿರುತ್ತದೆ. ಹಳ್ಳ, ಬಂಡೆ, ಕಾಲುದಾರಿಗಳಿಗೆ ಬಿಟ್ಟ ಜಾಗ ಚಿಕ್ಕಮಾವನವರ ಕಡೆಯೇ ಇದ್ದರೆ, ಅವರ ಟೇಪಿಗೆ ಕಡಿಮೆ ಬರಲೇಬೇಕು. ತಮ್ಮಂದಿರು ಅಣ್ಣಂದಿರ ಮೇಲೆ ಹೊರಿಸಿದ ಕಳವು ಕೊನೆಗೆ ಹಳ್ಳದ ಪಾತ್ರದಲ್ಲಿ ಪತ್ತೆಯಾದ ಪ್ರಸಂಗಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಮೂರನೆಯದನ್ನು ಗಮನವಿಟ್ಟು ಓದಿ, ಏಕೆಂದರೆ ಜನ ಇಲ್ಲಿಯೇ ಎಡವುತ್ತಾರೆ. ಹದ್ದುಬಸ್ತಿಗೆ ಅರ್ಜಿ ಹಾಕಿದರೆ ಭೂಮಾಪಕರು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಕೊಟ್ಟು ಬಂದು, ಹಿಂದಿನ ಅಳತೆಯಲ್ಲಿ ಬರೆದಿಟ್ಟ ಮೂಲ ಟಿಪ್ಪಣಿಯ ಪ್ರಕಾರ ಗಡಿ ಗುರುತಿಸಿ ಕೊಡುತ್ತಾರೆ. ಆದರೆ ಅವರು ಗುರುತಿಸುವುದು ದಾಖಲೆಯಲ್ಲಿ ಇರುವ ಗಡಿಯನ್ನು ಮಾತ್ರ. ನಿಮ್ಮ ಸರ್ವೆ ನಂಬರಿಗೆ ಪೋಡಿಯಾಗಿಲ್ಲ, ಅಂದರೆ ದಾಖಲೆಯಲ್ಲಿ ಅದನ್ನು ಭಾಗಗಳಾಗಿ ಒಡೆದಿಲ್ಲ, ಆ ಭಾಗಗಳ ಹಿಸ್ಸಾ ನಕ್ಷೆಯೂ ಇಲ್ಲ. ಆದ್ದರಿಂದ 4 ಎಕರೆ 12 ಗುಂಟೆಯ ಹೊರಗಿನ ಎಲ್ಲೆಯನ್ನು ಅವರು ತೋರಿಸಬಲ್ಲರೇ ಹೊರತು, ಅಣ್ಣನದು ಎಲ್ಲಿ ಮುಗಿದು ತಮ್ಮನದು ಎಲ್ಲಿ ಶುರುವಾಗುತ್ತದೆ ಎಂದು ಹೇಳಲು ಅವರ ಬಳಿ ಕಾಗದವೇ ಇರುವುದಿಲ್ಲ. ಒಳಗಿನ ಗೆರೆಯನ್ನು ನಿಮ್ಮ ಕುಟುಂಬದವರೇ ಒಪ್ಪಿ ಹೇಳಬೇಕು. ಆಮೇಲೆ ಪಾಲಿನ ಗೆರೆ ತೋರಿಸುವ 11ಇ ನಕ್ಷೆ ಮಾಡಿಸಿ, ವಿಭಾಗ ಪತ್ರವನ್ನು ನೋಂದಾಯಿಸಿ, ಪೋಡಿ ಮಾಡಿಸಿಕೊಳ್ಳಬೇಕು. ಒಪ್ಪಿಗೆಯಿಲ್ಲದೆ ನೆಟ್ಟ ಕಲ್ಲು ನಾವು ಜೀಪು ಹತ್ತುವ ತನಕ ನಿಂತಿರುತ್ತದೆ, ಅಷ್ಟೇ.

ನಡುಮನೆ:

ಸರಪಳಿಯವರ ಕೊನೆಯ ಮಾತು ಬಹಳ ಮುಖ್ಯವಾದದ್ದು. ನಾನು ವಕೀಲೆ, ಸುಪ್ರೀಂ ಕೋರ್ಟಿನ ಸಮಿತಿ ರೂಪಿಸಿದ ನಲವತ್ತು ಗಂಟೆಗಳ ತರಬೇತಿ ಪಡೆದು ಕೆಲವು ವರ್ಷಗಳಿಂದ ಕೌಟುಂಬಿಕ ವ್ಯಾಜ್ಯಗಳಲ್ಲಿ ಮಧ್ಯಸ್ಥಿಕೆ ನಡೆಸುತ್ತಿದ್ದೇನೆ. ಜಗಳಗಳನ್ನು ಅವುಗಳ ಬೇರಿನ ಮೇಲೆ ವಿಂಗಡಿಸಲು ನಮಗೆ ಹೇಳಿಕೊಡುತ್ತಾರೆ: ಮಾಹಿತಿ ಇಲ್ಲದೆ ಅಥವಾ ತಪ್ಪಾಗಿ ತಿಳಿದು ಹುಟ್ಟಿದ್ದು, ಇಬ್ಬರಿಗೂ ಬೇಕಾದ ವಸ್ತು ಒಂದೇ ಆಗಿರುವುದರಿಂದ ಹುಟ್ಟಿದ್ದು, ಸಂಬಂಧ ಕೆಟ್ಟು ಹುಟ್ಟಿದ್ದು, ಸರಿತಪ್ಪಿನ ಕಲ್ಪನೆಯೇ ಬೇರೆಯಾಗಿರುವುದರಿಂದ ಹುಟ್ಟಿದ್ದು, ಮತ್ತು ಯಾರ ತಪ್ಪೂ ಇಲ್ಲದೆ ವ್ಯವಸ್ಥೆಯ ಏರ್ಪಾಡೇ ತಂದಿಟ್ಟದ್ದು. ತರಗತಿಯಲ್ಲಿ ಇವು ಐದು ಕೋಣೆಗಳಂತೆ ಕಾಣುತ್ತವೆ. ಮನೆಯ ಜಗಳದಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಪಾತ್ರೆಗಳಂತೆ ಇರುತ್ತವೆ, ಕೆಳಗಿನದನ್ನು ಎಳೆದರೆ ಎಲ್ಲವೂ ಸದ್ದು ಮಾಡುತ್ತವೆ.

ನಿಮ್ಮ ಮಾವಂದಿರ ಪ್ರಕರಣದಲ್ಲಿ 8 ಗುಂಟೆ ಎಷ್ಟಿದೆ ಎಂಬುದು ಮಾಹಿತಿಯ ಪ್ರಶ್ನೆ. ನೀರು ಮತ್ತು ದಾರಿ ಅಗತ್ಯದ ಪ್ರಶ್ನೆಗಳು, ಚೌಕಾಸಿಗೆ ಬಗ್ಗುವಂಥವು. ಜಂಟಿ ಪಹಣಿ, ಒಬ್ಬರ ಹೆಸರಿನ ಆರ್‌ಆರ್ ನಂಬರ್, ಒಬ್ಬರ ತೋಟದೊಳಗೆ ಇನ್ನೊಬ್ಬರ ದಾರಿ, ಇವು ಏರ್ಪಾಡಿನ ದೋಷಗಳು. ದೇವರಂಥ ಅಣ್ಣತಮ್ಮಂದಿರನ್ನು ಅಲ್ಲಿ ಇಟ್ಟಿದ್ದರೂ ಮೂರನೆಯ ಬೇಸಿಗೆಗೆ ಜಗಳ ಬರುತ್ತಿತ್ತು. ಲಗ್ನಪತ್ರಿಕೆ ಮಾತ್ರ ಸಂಬಂಧದ ಗಾಯ. ಮೂವತ್ತೈದು ವರ್ಷ ಅಳೆಯದಿದ್ದ ತೋಟವನ್ನು ಚಿಕ್ಕಮಾವ ಅಳೆದದ್ದು ಯಾವಾಗ ಎಂಬುದನ್ನು ನೀವೇ ಬರೆದಿದ್ದೀರಿ: ಮದುವೆಯಾದ ಮೂರನೆಯ ತಿಂಗಳಲ್ಲಿ. ಹೆಸರು ಬಿಟ್ಟರೆಂದು ಅಳುವುದು ಗಂಡಸಿಗೆ ಕಷ್ಟ, ಗುಂಟೆ ಹೋಯಿತೆಂದು ಕೂಗುವುದು ಸುಲಭ. ಆದ್ದರಿಂದ 8 ಗುಂಟೆಯನ್ನು ಇಂದೇ ಬಿಟ್ಟುಕೊಟ್ಟರೂ ಅವರು ಒಂಬತ್ತನೆಯ ಗುಂಟೆಯನ್ನು ಹುಡುಕಿಯಾರು.

ಇನ್ನು ನೀವು ಮಾಡಿದ ತಪ್ಪುಗಳು, ಬೇಸರಿಸಬೇಡಿ. ಮೊದಲ ದಿನವೇ ಇಬ್ಬರನ್ನೂ ಎದುರುಬದುರು ಕೂರಿಸಿದಿರಿ, ಅದೂ ಅಜ್ಜಿಯ ಮುಂದೆ. ನಾವು ಮೊದಲು ಎಲ್ಲರೂ ಸೇರಿದ ಒಂದು ಚಿಕ್ಕ ಸಭೆಯಲ್ಲಿ ನಿಯಮಗಳನ್ನಷ್ಟೇ ಹೇಳಿ, ಆಮೇಲೆ ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕೇಳುತ್ತೇವೆ. ಅಲ್ಲಿ ಹೇಳಿದ್ದನ್ನು ಅವರ ಅನುಮತಿಯಿಲ್ಲದೆ ಆಚೆ ಕೋಣೆಗೆ ಒಯ್ಯುವುದಿಲ್ಲ. "ನಿಮಗೆ ಏನು ಬೇಕು" ಎಂದು ಕೇಳಿದರೆ ಜನ ಗುಂಟೆಯ ಲೆಕ್ಕ ಹೇಳುತ್ತಾರೆ. "ಇದು ಹೀಗೆಯೇ ಇನ್ನು ಐದು ವರ್ಷ ನಡೆದರೆ ನಿಮ್ಮ ಮನೆಯಲ್ಲಿ ಏನಾಗುತ್ತದೆ" ಎಂದು ಕೇಳಿದರೆ ಬೇರೆಯೇ ಮಾತು ಹೊರಡುತ್ತದೆ.

ಕೊನೆಯದಾಗಿ ಒಂದು ಪ್ರಶ್ನೆ. ಇವರು ನಿಮ್ಮ ಸೋದರಮಾವಂದಿರೆಂದರೆ, ನಿಮ್ಮ ತಾಯಿ ಆ ಮನೆಯ ಮಗಳು. ಅಷ್ಟುದ್ದದ ಬರಹದಲ್ಲಿ ಅವರ ಹೆಸರು ಒಮ್ಮೆಯೂ ಬಂದಿಲ್ಲ. ಅವರ ಪಾಲು ಏನಾಯಿತು? ಅದಕ್ಕೆ ಉತ್ತರ ಬರುವವರೆಗೆ ನೀವು ಮಧ್ಯಸ್ಥರಾಗಿ ಕೂರುವಂತಿಲ್ಲ, ಏಕೆಂದರೆ ನೀವು ಪಾಲುದಾರರ ಮಗ.

ಕಟ್ಟೆ ಮಾತು:

ಇಷ್ಟೆಲ್ಲ ತರಬೇತಿ, ಕೋಣೆ, ನಿಯಮಗಳ ಅಗತ್ಯವಿದೆಯೇ? ನಮ್ಮ ಹಿರಿಯರು ಅರಳಿಕಟ್ಟೆಯ ಮೇಲೆ ಕುಳಿತು ಇದಕ್ಕಿಂತ ದೊಡ್ಡ ವ್ಯಾಜ್ಯಗಳನ್ನು ಒಂದು ಸಂಜೆಯಲ್ಲಿ ಮುಗಿಸುತ್ತಿದ್ದರು. ಧರ್ಮಸ್ಥಳದಲ್ಲಿ ಹೊಯ್ಲು ಎಂಬ ಪದ್ಧತಿಯೇ ಇದೆ. ಆಣೆ ಇಟ್ಟು ಹೆಗ್ಗಡೆಯವರ ಮುಂದೆ ವ್ಯಾಜ್ಯ ಒಯ್ದು ಅವರು ಹೇಳಿದ್ದಕ್ಕೆ ತಲೆಬಾಗುತ್ತಿದ್ದರು. ಮಾತು ಬಿಡ ಮಂಜುನಾಥ ಎಂಬ ಭಯವೊಂದಿದ್ದರೆ ಬಾಂದುಕಲ್ಲು ಕೀಳುವ ಕೈ ನಡುಗುತ್ತದೆ. ಕಾನೂನಿಗೆ ಹೋದವರ ಪಾಡು ಗೊತ್ತೇ ಇದೆ: ಗೆದ್ದವ ಸೋತ, ಸೋತವ ಸತ್ತ. ಇಬ್ಬರನ್ನೂ ಮನೆದೇವರ ಮುಂದೆ ನಿಲ್ಲಿಸಿ ನಿಜ ಹೇಳಿಸಿ.

ನಡುಮನೆ:

ಕಟ್ಟೆಯ ಬಗ್ಗೆ ನನಗೆ ಗೌರವವಿದೆ, ಅನುಮಾನವೂ ಇದೆ. ಅದರ ಬಲವಿರುವುದು ನೆರೆಹೊರೆಯವರ ಮುಂದೆ ಮುಖ ಎತ್ತಿ ನಡೆಯಬೇಕೆಂಬ ಅಂಜಿಕೆಯಲ್ಲಿ, ಮತ್ತು ಆ ಅಂಜಿಕೆ ಇಂದಿಗೂ ಕೆಲಸ ಮಾಡುತ್ತದೆ. ಆದರೆ 1988ರಲ್ಲಿ ಈ ಪಾಲು ಮಾಡಿದ್ದೂ ಕಟ್ಟೆಯೇ ಅಲ್ಲವೇ? ಅಲ್ಲಿ ಮಗಳನ್ನು ಕರೆಯಲಿಲ್ಲ, ದಾರಿಯ ಅಗಲವನ್ನು ಬರೆಯಲಿಲ್ಲ. ಇನ್ನು ಆಣೆಯ ಮಾತು. ಇಬ್ಬರೂ ತಾವು ಹೇಳುತ್ತಿರುವುದೇ ನಿಜವೆಂದು ಪ್ರಾಮಾಣಿಕವಾಗಿ ನಂಬಿರುವಾಗ ಆಣೆ ಇಡಿಸಿದರೆ, ಇಬ್ಬರೂ ಇಡುತ್ತಾರೆ, ಮರುದಿನದಿಂದ ಒಬ್ಬರನ್ನೊಬ್ಬರು ದೈವದ್ರೋಹಿ ಎನ್ನುತ್ತಾರೆ.

ನಾಲೆ ಬಯಲು:

ನಾನು ಮಂಡ್ಯದ ರೈತ, ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದು ಬೆಳೆದವನು. ಅಣ್ಣತಮ್ಮಂದಿರ ಬೋರಿನ ಜಗಳದಲ್ಲಿ ಕಾವೇರಿಯನ್ನು ತರುತ್ತಿರುವುದಕ್ಕೆ ನಗಬೇಡಿ, ಹತ್ತಿರದ ಪಾಠವೊಂದಿದೆ.

1892 ಮತ್ತು 1924ರ ಒಪ್ಪಂದಗಳಿಂದ ಹಿಡಿದು, 1990ರಲ್ಲಿ ನ್ಯಾಯಮಂಡಳಿ, 1991ರ ಜೂನ್‌ನಲ್ಲಿ 205 ಟಿಎಂಸಿಯ ಮಧ್ಯಂತರ ಆದೇಶ, ಅದೇ ಡಿಸೆಂಬರ್‌ನ ಗಲಭೆ, 2007ರ ಅಂತಿಮ ತೀರ್ಪು, 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟಿನ ತೀರ್ಪು, ಇಷ್ಟೂ ಆಗಿದೆ. ಮಳೆ ಚೆನ್ನಾಗಿ ಬಂದ ವರ್ಷ ಈ ಅಂಕಿಗಳು ಯಾರಿಗೂ ನೆನಪಾಗುವುದಿಲ್ಲ. ಕನ್ನಂಬಾಡಿ ತುಂಬಿ ಹರಿದರೆ ಎರಡೂ ಕಡೆ ಬಾಗಿನ ಬಿಡುತ್ತೇವೆ. ಜಗಳ ಬರುವುದು 2002, 2012, 2016, 2023ರಂಥ ವರ್ಷಗಳಲ್ಲಿ. ಅಂತಿಮ ತೀರ್ಪು ಹಂಚಿದ್ದು ಸಾಮಾನ್ಯ ಮಳೆಯ ವರ್ಷದ 740 ಟಿಎಂಸಿಯನ್ನು. ಕೊರತೆಯ ವರ್ಷದಲ್ಲಿ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಇಳಿಯಬೇಕೆಂದು ಅದರಲ್ಲಿ ಬರೆದಿದ್ದರೂ, ಕೊರತೆ ಎಷ್ಟೆಂದು ಯಾರು, ಯಾವ ತಿಂಗಳಿನಲ್ಲಿ ಹೇಳಬೇಕು ಎಂಬಲ್ಲಿ ಪ್ರತಿ ಸಲವೂ ಗಂಟು ಬೀಳುತ್ತದೆ. ನಿಮ್ಮ ಮಾವಂದಿರ ಕರಾರಿನಲ್ಲಿ "ನೀರು ಅರ್ಧ ಅರ್ಧ" ಎಂದಷ್ಟೇ ಬರೆದರೆ ಮುಂದಿನ ಏಪ್ರಿಲ್‌ಗೆ ಅದು ಹರಿದುಹೋಗುತ್ತದೆ. ಬೋರಿನಲ್ಲಿ ನೀರು ಅರ್ಧಕ್ಕೆ ಇಳಿದಾಗ ಏನು, ಮೋಟಾರು ಸುಟ್ಟರೆ ಖರ್ಚು ಯಾರದು, ಬೋರು ಬತ್ತಿದರೆ ಹೊಸದನ್ನು ಯಾರ ಭಾಗದಲ್ಲಿ ಕೊರೆಸುವುದು, ಮೂರು ಫೇಸ್ ವಿದ್ಯುತ್ ರಾತ್ರಿ ಮಾತ್ರ ಬಂದರೆ ಯಾರ ಸರದಿ, ಇವನ್ನು ಈಗಲೇ ಬರೆಯಿರಿ.

ಇನ್ನೊಂದು. 2003ರಲ್ಲಿ ಚೆನ್ನೈನ ಅಭಿವೃದ್ಧಿ ಅಧ್ಯಯನ ಸಂಸ್ಥೆಯವರ ನೆರವಿನಿಂದ ಎರಡೂ ರಾಜ್ಯಗಳ ರೈತರು ಸೇರಿ ಕಾವೇರಿ ಕುಟುಂಬ ಎಂದು ಕೂಡಿಕೊಂಡರು. ತಂಜಾವೂರಿನ ಕಡೆಯವರು ಇಲ್ಲಿಗೆ ಬಂದರು, ಇಲ್ಲಿಯವರು ಅಲ್ಲಿಗೆ ಹೋದರು. ಎಲ್ಲರೂ ಒಪ್ಪುವ ಹಂಚಿಕೆಯ ಸೂತ್ರ ಅವರಿಂದಲೂ ಹುಟ್ಟಲಿಲ್ಲ ಎಂಬುದು ನಿಜ. ಆದರೆ ಎದುರು ಪಕ್ಷದವರ ಗದ್ದೆ ಒಣಗಿರುವುದನ್ನು ಕಣ್ಣಾರೆ ನೋಡಿದವರ ಮಾತಿನ ಧಾಟಿ ಬೇರೆಯಾಗುತ್ತದೆ. ಆದ್ದರಿಂದ ಸರಪಳಿಯವರ ಕ್ಷಮೆ ಕೇಳಿ ಹೇಳುತ್ತೇನೆ, ಅಳತೆ ಮೊದಲು ಬೇಡ. ದೊಡ್ಡಮಾವ ಒಂದು ದಿನ ಚಿಕ್ಕಮಾವನ ತೋಟಕ್ಕೆ ಹೋಗಿ ಗರಿ ಜೋತುಬಿದ್ದ ಮರಗಳನ್ನು ನೋಡಲಿ.

ಸರಪಳಿ:

ನಾಲೆ ಬಯಲಿನವರು ಹೇಳುವುದು ಸರಿ, ಆದರೆ ಅವರದೇ ಉದಾಹರಣೆಯನ್ನು ತಿರುಗಿಸುತ್ತೇನೆ. 2018ರಲ್ಲಿ ಕರ್ನಾಟಕದ ಪಾಲು 270ರಿಂದ 284.75 ಟಿಎಂಸಿಗೆ ಏರಿದ್ದು ಹೇಗೆ? ತಮಿಳುನಾಡಿನ ಅಂತರ್ಜಲದ ಲೆಕ್ಕ ಹಿಡಿದು 10, ಬೆಂಗಳೂರಿನ ಕುಡಿಯುವ ನೀರಿನ ಅಗತ್ಯ ನೋಡಿ 4.75. ಅಲ್ಲಿಯೂ ಕೊನೆಗೆ ನೆಲದಡಿಯ ನೀರನ್ನು ಲೆಕ್ಕಕ್ಕೆ ತರಲೇಬೇಕಾಯಿತು. ಹೊರಗಿನ ಎಲ್ಲೆ ಮತ್ತು ಖರಾಬನ್ನು ಮೊದಲು ಖಚಿತ ಮಾಡಿಕೊಂಡರೆ ಅಣ್ಣನ ಮೇಲಿನ ಕಳವಿನ ಅಪವಾದವಾದರೂ ಇಳಿಯುತ್ತದೆ. ಅಪವಾದ ಹೊತ್ತವನು ತಮ್ಮನ ತೋಟಕ್ಕೆ ಯಾಕೆ ಹೋದಾನು?

ಕರಿಕೋಟು:

ಧಾರವಾಡದಲ್ಲಿ ಸಿವಿಲ್ ಪ್ರಕರಣಗಳನ್ನು ನಡೆಸುತ್ತೇನೆ. ಕಾನೂನಿನ ಕೆಲವು ಮಾತುಗಳನ್ನು ಹೇಳದಿದ್ದರೆ ಮುಂದೆ ತೊಂದರೆಯಾದೀತು.

ಮಗಳ ಪಾಲಿನ ವಿಷಯ. ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಅವಿವಾಹಿತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಬಂದಿತ್ತು. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಗಳ ಹಕ್ಕು ಹುಟ್ಟಿನಿಂದ ಬರುವುದು, 2005ರಲ್ಲಿ ತಂದೆ ಬದುಕಿದ್ದಿರಬೇಕೆಂದೇನೂ ಇಲ್ಲ ಎಂದು ಸ್ಪಷ್ಟಪಡಿಸಿತು. ಬಾಯಿಮಾತಿನ ಪಾಲನ್ನು ಸುಲಭವಾಗಿ ಒಪ್ಪಬಾರದು, ಅದಕ್ಕೆ ಸಾರ್ವಜನಿಕ ದಾಖಲೆಗಳ ಬೆಂಬಲ ಬೇಕು ಎಂದೂ ಹೇಳಿತು. ನಿಮ್ಮ ಪಹಣಿ ಜಂಟಿಯಲ್ಲೇ ಇರುವಾಗ 1988ರ ಪಾಲು ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಎಂದು ನೀವೇ ಯೋಚಿಸಿ. ತಾಯಿಯವರನ್ನೂ ಅಜ್ಜಿಯನ್ನೂ ಬಿಟ್ಟು ಅಣ್ಣತಮ್ಮಂದಿರು ಮಾಡಿಕೊಳ್ಳುವ ರಾಜಿ, ಬಾಗಿಲಿಗೆ ಚಿಲಕ ಹಾಕಿ ಹಿತ್ತಿಲು ತೆರೆದಿಟ್ಟಂತೆ.

ಜಮೀನಿನ ಪಾಲನ್ನು ಪತ್ರದಲ್ಲಿ ಬರೆದರೆ ಅದನ್ನು ನೋಂದಾಯಿಸಬೇಕು. ದಾರಿಯ ಬಗ್ಗೆ ಹೇಳುವುದಾದರೆ, ಒಂದೇ ಜಮೀನು ಪಾಲಾದಾಗ ಹಿಂದಿನ ಭಾಗಕ್ಕೆ ಬೇರೆ ದಾರಿಯೇ ಇಲ್ಲದಿದ್ದರೆ ಮುಂದಿನ ಭಾಗದ ಮೂಲಕ ಹೋಗುವ ಹಕ್ಕನ್ನು 1882ರ ಅನುಭೋಗದ ಹಕ್ಕುಗಳ ಕಾಯಿದೆ ಮಾನ್ಯ ಮಾಡುತ್ತದೆ. ದೊಡ್ಡಮಾವ ಬೇಲಿ ಹಾಕಬಹುದು, ದಾರಿಗೆ ಬೀಗ ಹಾಕುವಂತಿಲ್ಲ. ನ್ಯಾಯಾಲಯಕ್ಕೆ ಹೋದರೂ ನೇರವಾಗಿ ತೀರ್ಪಿಗೆ ಹೋಗಬೇಕೆಂದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೆಯ ಕಲಮಿನಡಿ ಮಧ್ಯಸ್ಥಿಕೆಗೆ ಕಳುಹಿಸುವ ಏರ್ಪಾಡು 2002ರಿಂದ ಇದೆ, ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರ 2007ರಿಂದ ನಡೆಯುತ್ತಿದೆ. ದಾವೆಯಲ್ಲಿರುವಾಗ ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ನ್ಯಾಯಾಲಯ ಶುಲ್ಕ ಮರಳಿ ಬರುತ್ತದೆ ಮತ್ತು ಆ ಐತೀರ್ಪಿನ ಮೇಲೆ ಮೇಲ್ಮನವಿ ಇಲ್ಲ. ಮೇಲ್ಮನವಿ ಇಲ್ಲವೆಂಬ ಕಾರಣಕ್ಕೇ ಸಹಿ ಹಾಕುವ ಮುನ್ನ ಎರಡು ರಾತ್ರಿ ಮಲಗಿ ಯೋಚಿಸಬೇಕು.

ಕೊನೆಗೆ, ನಡುಮನೆಯವರ ಐದು ಬಗೆಗಳಿಗೆ ಹೊರಗಿನ ಒಂದನ್ನು ನೆನಪಿಸುತ್ತೇನೆ. ಒಬ್ಬನು ಹೊಡೆಯುತ್ತಿದ್ದು ಇನ್ನೊಬ್ಬರು ಹೊಡೆತ ತಿನ್ನುತ್ತಿದ್ದರೆ ಅದನ್ನು ಜಗಳವೆಂದು ಕರೆಯಬಾರದು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಹೇಳಿ ಹೆಣ್ಣುಮಗಳನ್ನು ಮತ್ತೆ ಅದೇ ಮನೆಗೆ ಕಳುಹಿಸಿದ ರಾಜಿ ಪಂಚಾಯ್ತಿಗಳನ್ನು ನೋಡಿದ್ದೇನೆ. ಜಾತಿಯ ಹೆಸರಿನಲ್ಲಿ ನಡೆದ ದೌರ್ಜನ್ಯವನ್ನು ಊರಿನ ಮರ್ಯಾದೆಗಾಗಿ ಮುಚ್ಚಿಸಿದ್ದನ್ನೂ ನೋಡಿದ್ದೇನೆ. ಅಲ್ಲಿ ಬೇಕಾದದ್ದು ರಕ್ಷಣೆ ಮತ್ತು ದೂರು. ನಿಮ್ಮ ಮನೆಯಲ್ಲಿ ಅಂಥದ್ದೇನೂ ಕಾಣುವುದಿಲ್ಲ. ಆದರೂ ಅಜ್ಜಿಯ ಆರೈಕೆಯನ್ನು ಯಾರಾದರೂ ಪಣವಾಗಿ ಬಳಸುತ್ತಿದ್ದಾರೆಯೇ ಎಂದು ನೋಡಿಕೊಳ್ಳಿ. 2007ರ ಹಿರಿಯ ನಾಗರಿಕರ ಕಾಯಿದೆಯಡಿ ಅವರೇ ನೇರವಾಗಿ ಉಪವಿಭಾಗಾಧಿಕಾರಿಯವರ ಮುಂದೆ ಜೀವನಾಂಶ ಕೇಳಬಹುದು.

ತೋಟದ ದಾರಿ:

ಎಲ್ಲರಿಗೂ ಕೃತಜ್ಞತೆಗಳು. ನಡುಮನೆ ಮೇಡಂ ಅವರ ಪ್ರಶ್ನೆ ಓದಿದ ರಾತ್ರಿ ನನಗೆ ನಾಚಿಕೆಯಾಯಿತು. ಅಮ್ಮನನ್ನು ಕೇಳಿದೆ. "ನನಗೆ ಬೇಕೋ ಬೇಡವೋ ಎಂದು ನಾನಿನ್ನೂ ಯೋಚಿಸಿಲ್ಲ. ಕೇಳದೆಯೇ ಬೇಡ ಎಂದು ನೀವೆಲ್ಲ ಬರೆದುಕೊಂಡಿದ್ದೀರಿ. ಮೊದಲು ನಮ್ಮಮ್ಮನ ಔಷಧಿಯ ಖರ್ಚು ಯಾರು ಕೊಡುತ್ತಾರೆಂದು ತೀರ್ಮಾನವಾಗಲಿ, ಆಮೇಲೆ ನನ್ನ ಮಾತು ಹೇಳುತ್ತೇನೆ" ಎಂದರು. ಮಧ್ಯಸ್ಥನ ಸ್ಥಾನವನ್ನು ಬಿಟ್ಟಿದ್ದೇನೆ. ಇಬ್ಬರು ಮಾವಂದಿರಿಗೂ ಪಾಠ ಹೇಳಿದ, ನಮ್ಮ ಕಡೆಯ ಜಮೀನಿನಲ್ಲಿ ಯಾವ ಸಂಬಂಧವೂ ಇಲ್ಲದ ನಿವೃತ್ತ ಮೇಷ್ಟ್ರೊಬ್ಬರು ಒಪ್ಪಿದ್ದಾರೆ. ಅಮ್ಮನೂ ಪಾಲುದಾರಳಾಗಿಯೇ ಕೂರುತ್ತಾಳೆ ಎಂದಾಗ ದೊಡ್ಡಮಾವ ಎರಡು ದಿನ ಫೋನ್ ತೆಗೆಯಲಿಲ್ಲ.

ನಡುಮನೆ:

ಎರಡೇ ದಿನವೆಂದರೆ ಪರವಾಗಿಲ್ಲ. ಮೇಷ್ಟ್ರಿಗೆ ಒಂದು ಮಾತು ತಿಳಿಸಿ: ಲಗ್ನಪತ್ರಿಕೆಯ ವಿಷಯವನ್ನು ಅವರಾಗಿ ಎತ್ತಬಾರದು, ಯಾರಾದರೂ ಎತ್ತಿದರೆ ತಡೆಯಲೂಬಾರದು. ಮೊದಲ ದಿನ ದಾರಿ ಮತ್ತು ನೀರನ್ನು ಮಾತ್ರ ಹಿಡಿಯಲಿ, ಅವು ಇಬ್ಬರಿಗೂ ದಿನನಿತ್ಯ ಚುಚ್ಚುತ್ತಿರುವ ಮುಳ್ಳುಗಳು. ಒಂದು ಚಿಕ್ಕ ಒಪ್ಪಂದ ಹದಿನೈದು ದಿನ ಮುರಿಯದೆ ನಡೆದರೆ ದೊಡ್ಡದಕ್ಕೆ ಧೈರ್ಯ ಬರುತ್ತದೆ.

ತೋಟದ ದಾರಿ:

ಆರು ವಾರಗಳ ನಂತರ ಬರೆಯುತ್ತಿದ್ದೇನೆ. ಮೇಷ್ಟ್ರು ಮೂರು ಸಲ ಕೂತರು. ನೀರಿಗೆ ದಿನಬಿಟ್ಟು ದಿನದ ಸರದಿ ಮತ್ತೆ ಶುರುವಾಗಿದೆ. ನಾಲೆ ಬಯಲಿನವರು ಹೇಳಿದಂತೆ ಬೋರು ಬತ್ತಿದರೆ ಏನು ಮಾಡುವುದೆಂಬುದನ್ನೂ ಬರೆದಿದ್ದೇವೆ. ಆ ಒಂದು ಸಾಲಿಗೇ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ದಾರಿಯ ಅಗಲ ಹತ್ತು ಅಡಿ ಎಂದು ಒಪ್ಪಿಗೆಯಾಗಿ, ಬೇಲಿಯ ಎರಡು ಕಂಬಗಳನ್ನು ದೊಡ್ಡಮಾವನೇ ಕೀಳಿಸಿದರು. ಅಜ್ಜಿಯ ಔಷಧಿಯ ಖರ್ಚನ್ನು ಮೂವರೂ ಹಂಚಿಕೊಳ್ಳುತ್ತಿದ್ದಾರೆ.

ಲಗ್ನಪತ್ರಿಕೆಯ ವಿಷಯ ಎರಡನೆಯ ಸಭೆಯಲ್ಲಿ ಹೊರಬಿತ್ತು. ನಿಶ್ಚಿತಾರ್ಥಕ್ಕೆ ಚಿಕ್ಕಮಾವ ಬಂದಿರಲಿಲ್ಲ. ಆ ದಿನ ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದ್ದರಂತೆ, ಶುಭಕಾರ್ಯಕ್ಕೆ ವಿಘ್ನವಾಗಬಾರದೆಂದು ಯಾರಿಗೂ ಹೇಳಿರಲಿಲ್ಲ. ಬರದವನ ಹೆಸರೇಕೆ ಎಂದು ದೊಡ್ಡಮಾವ ಪತ್ರಿಕೆಯಿಂದ ಬಿಡಿಸಿದ್ದರು. ಇದು ತಿಳಿದ ಮೇಲೆ ಇಬ್ಬರೂ ಕಣ್ಣೀರು ಹಾಕಿ ತಬ್ಬಿಕೊಳ್ಳುತ್ತಾರೆಂದು ನಾನು ಎಣಿಸಿದ್ದೆ. ಹಾಗಾಗಲಿಲ್ಲ. "ನಮ್ಮಮ್ಮ ಆಸ್ಪತ್ರೆಯಲ್ಲಿದ್ದದ್ದನ್ನು ನನಗೆ ಹೇಳದಿರಲು ಇವನು ಯಾರು" ಎಂದು ದೊಡ್ಡಮಾವ ಇನ್ನಷ್ಟು ಸಿಟ್ಟಾದರು. ಮೇಷ್ಟ್ರು ಮಾತ್ರ, ಸಿಟ್ಟಿನ ವಿಷಯ ಬದಲಾಯಿತಲ್ಲ, ಅಷ್ಟು ಸಾಕು ಎಂದರು. ಅಂದಿನಿಂದ ಕಳವಿನ ಮಾತನ್ನು ಯಾರೂ ಆಡಿಲ್ಲ.

ಪಹಣಿಯಲ್ಲಿ 6 ಗುಂಟೆ ಖರಾಬಿದೆ, ಸರಪಳಿಯವರ ಊಹೆ ನಿಜವಾಯಿತು. ಉಳಿದ 2 ಗುಂಟೆ ಎಲ್ಲಿದೆಯೆಂದು ತಿಳಿಯಲು ಹದ್ದುಬಸ್ತಿಗೆ ಅರ್ಜಿ ಹಾಕಿದ್ದೇವೆ. ಅಮ್ಮ ತನ್ನ ಪಾಲಿನ ಬಗ್ಗೆ ಇನ್ನೂ ಏನನ್ನೂ ಹೇಳಿಲ್ಲ, ಆದ್ದರಿಂದ ವಿಭಾಗ ಪತ್ರವೂ ಹಾಗೆಯೇ ನಿಂತಿದೆ. ಅಳತೆಯ ಶುಲ್ಕದ ರಸೀದಿ ದೊಡ್ಡಮಾವನ ಹೆಸರಿನಲ್ಲಿದೆ. ಅರ್ಧ ಹಣವನ್ನು ಚಿಕ್ಕಮಾವ ಮೇಷ್ಟ್ರ ಕೈಯಲ್ಲಿ ಕೊಟ್ಟು ಕಳುಹಿಸಿದ್ದಾರೆ.